ಮುಗಿಸಬಾರದ ಭೈರವಿ

೧೯೪೩. ಯುದ್ಧದ ಕಾಲ. ಆಗ ನಾನು ಹಾನಗಲ್ಲಿನ ಒಂದು ವಾದ್ಯವೃಂದದಲ್ಲಿ ತಬಲಾ ನುಡಿಸುತ್ತಿದ್ದೆ. ಎರಡು ಹಾರ್ಮೋನಿಯಂ, ಸಿತಾರ್, ದಿಲ್‌ರುಬಾ, ಕ್ಲಾರಿಯೊನೆಟ್, ಕೊಳಲು; ಎಲ್ಲ ಕೂಡಿ ಜನ ಮೆಚ್ಚಿದ ರಾಗಗಳನ್ನು ನುಡಿಸುವುದು ನಮ್ಮ ಕೆಲಸ. ನಾನು ಮೊದಲಿಂದಲೂ ಅವಸರದವನು. ಕಾಯುವುದೆಂದರೆ ಮೈಮೇಲೆ ಇರುವೆ ಹರಿದ ಹಾಗೆ.

ಆ ಸಂಜೆ ಸವಣೂರಿನ ಹತ್ತಿ ವ್ಯಾಪಾರಿ ಶೆಟ್ಟರ ವಖಾರಿಯಲ್ಲಿ, ಹತ್ತಿ ಮೂಟೆಗಳನ್ನು ಬದಿಗೆ ಸರಿಸಿದ ಜಾಗದಲ್ಲಿ, ಕಛೇರಿ. ಮುಖ್ಯ ವಾದನ ಹುಲಗೂರಿನ ಇಮಾಮಸಾಬನ ಪಿಟೀಲಿನದು. ಅವನ ಗುರು ಈರಯ್ಯಜ್ಜ ವರ್ಷಗಟ್ಟಲೆ ಕಲಿಸಿದ್ದರೂ ಒಬ್ಬನೇ ನುಡಿಸಲು ಅಪ್ಪಣೆ ಕೊಟ್ಟಿರಲಿಲ್ಲ. ಲಕ್ವ ಹೊಡೆದ ಮೇಲೆ, "ಒಮ್ಮೆ ಸಭಾದಾಗ ಕೇಳತೇನಿ, ಆಮ್ಯಾಲೆ ಹೇಳತೇನಿ" ಎಂದು ತಿಳವಳ್ಳಿಯಿಂದ ಗಾಡಿಯಲ್ಲಿ ಬಂದು, ಮುಂದಿನ ಸಾಲಿನಲ್ಲಿ ದಿಂಬಿಗೊರಗಿ ಕುಳಿತಿದ್ದರು. ಈ ಸಂಜೆಗೆಂದೇ ಇಮಾಮಸಾಬ ಯಮನ್ ರಾಗವನ್ನು ತಿಂಗಳುಗಟ್ಟಲೆ ತಿಕ್ಕಿದ್ದ.

ಅವನೇ ಬರಲಿಲ್ಲ. ಪೆಟ್ರೋಲ್ ಸಿಗದ ದಿನಗಳು. ಅವನು ಬರಬೇಕಿದ್ದ, ಇದ್ದಿಲಿನ ಗ್ಯಾಸಿನಲ್ಲಿ ಓಡುವ ಶಿಗ್ಗಾವಿಯ ಬಸ್ಸು ಬಂಕಾಪುರದ ಹತ್ತಿರ ಕೆಟ್ಟು ನಿಂತಿದೆ ಎಂದು ಸೈಕಲ್ಲಿನಲ್ಲಿ ಬಂದವರೊಬ್ಬರು ಹೇಳಿದರು. ನಾವು ತಯಾರು ಮಾಡಿಕೊಂಡಿದ್ದ ರಾಗಗಳೆಲ್ಲ ತೀರಿದವು. ಜನ ಕೆಮ್ಮಿದರು, ಎದ್ದರು, ಕೂತರು. ಗಾಬರಿಯಾದ ಶೆಟ್ಟರು ವೇದಿಕೆಗೇ ಬಂದು, "ರಾಚಯ್ಯನವರ, ಮಂದಿ ಏಳಾಕತ್ತಾರ. ಎಲ್ಲಾರಿಗೂ ಸೇರೋ ಭೈರವಿ ಒಂದು ಬಾರಿಸ್ರಲಾ!" ಎಂದರು. ನಮ್ಮ ಹಾರ್ಮೋನಿಯಂ ರಾಚಯ್ಯ ಹಿಂದೆಮುಂದೆ ನೋಡದೆ ಶುರು ಮಾಡಿಯೇಬಿಟ್ಟ.

ಭೈರವಿ ಎಲ್ಲರ ಪ್ರೀತಿಯ ರಾಗ, ನಿಜ. ಆದರೆ ನಮ್ಮಲ್ಲಿ ಅದು ಕಛೇರಿಯ ಕೊನೆ. ಭೈರವಿ ಮುಗಿದ ಮೇಲೆ ಯಾರೂ ಮತ್ತೊಂದು ರಾಗ ಎತ್ತುವುದಿಲ್ಲ. ಈರಯ್ಯಜ್ಜ ಮುಖ ಗಂಟಿಕ್ಕಿ, ಗಾಡಿ ಹೂಡಲು ಹೇಳಿ ಕಳಿಸಿದರು. ನಾನು ರಾಚಯ್ಯನ ಕಡೆ ಬಾಗಿ, "ಮುಗಸಬ್ಯಾಡೋ ಪುಣ್ಯಾತ್ಮಾ! ಇದು ಮುಗದರ ಇಮಾಮಂದೂ ಮುಗದಂಗ. ಅಜ್ಜಾರು ಮತ್ತೊಮ್ಮೆ ಬರೂದಿಲ್ಲ" ಎಂದೆ.

ಅಲ್ಲಿಂದ ನಮ್ಮ ಫಜೀತಿ ಶುರು. ಒಮ್ಮೆ ಸಿತಾರ್, ಒಮ್ಮೆ ಕೊಳಲು, ಮತ್ತೆ ಎಲ್ಲರೂ. ಮೂರು ಸಲ ಬಾರಿಸಿ ನಿಲ್ಲಿಸುವ ತಿಹಾಯಿ ಹತ್ತಿರ ಬಂದಾಗಲೆಲ್ಲ ನಾನು ತಪ್ಪಿಸಿಕೊಂಡು ಮುಂದಕ್ಕೆ ಓಡಿದೆ. ಬೆರಳು ಉರಿಯುತ್ತಿದ್ದವು, ಕಣ್ಣು ಬಾಗಿಲ ಮೇಲೆ. ಅಜ್ಜನನ್ನು ಎತ್ತಿಕೊಳ್ಳಲು ಇಬ್ಬರು ಬಂದೂ ಆಗಿತ್ತು.

ಆಗ ಮೈಯೆಲ್ಲ ಧೂಳಾಗಿ ಇಮಾಮಸಾಬ ಒಳಗೆ ಬಂದ. ಭೈರವಿ ಕೇಳಿದವನೇ ಬಾಗಿಲಲ್ಲಿ ನಿಂತುಬಿಟ್ಟ. ಅವನ ಯಮನ್ ಹೋಯಿತು. "ಅಜ್ಜಾರ, ತಡಾ ಆತ್ರಿ..." ಎನ್ನುತ್ತ ಬಂದು ಗುರುವಿನ ಕಾಲು ಮುಟ್ಟಿದ.

"ಭೈರವಿ ಇನ್ನೂ ಮುಗದಿಲ್ಲಲ್ಲೋ. ಹತ್ತು ಮ್ಯಾಲೆ" ಎಂದರು ಅಜ್ಜ.

ಅವನು ತಂತಿ ಕೂಡಿಸಿ ಎತ್ತಿದ ಮೊದಲ ಸ್ವರಕ್ಕೇ ನಾವೆಲ್ಲ ಸಣ್ಣಗಾದೆವು. ತಯಾರಿಯಿಲ್ಲದ ರಾಗ; ದಾರಿಯ ಕಳವಳವೆಲ್ಲ ಅದರಲ್ಲಿತ್ತು. ನನಗೆ ಅಳು ಬಂತು, ಹೇಳಲು ನಾಚಿಕೆಯಿಲ್ಲ. ಮುಗಿಸುವ ಮುನ್ನ ಅವನು ಅಪ್ಪಣೆಗಾಗಿ ಗುರುವಿನ ಕಡೆ ನೋಡಿದ.

"ನನ್ನ ಯಾಕ ನೋಡತಿ? ಇನ್ನ ಮುಗಸೂದು ನಿನ್ನ ಕೈಯಾಗೈತಿ" ಎಂದರು ಈರಯ್ಯಜ್ಜ.

ಮುಂದೆ ನಾನೂ ಕಲಿಸುವವನಾದೆ. ಶಿಷ್ಯ ತಯಾರಾಗಲೆಂದು ಗುರು ಕಾಯುವುದು ಸರಿಯೇ. ಆದರೆ ತಯಾರಿಯಿಲ್ಲದ ಹೊತ್ತಿನಲ್ಲಿ ಅವನು ನುಡಿಸಿದ್ದೇ ಅವನು ಕಲಿತದ್ದು. ಅದಕ್ಕೇ ಪರೀಕ್ಷೆಯ ದಿನ ನಾನು ಮೊದಲು ಹೇಳದ ರಾಗವನ್ನೇ ಕೇಳುತ್ತೇನೆ. ಶಿಷ್ಯರು ಮನಸ್ಸಿನಲ್ಲೇ ಬೈಯುತ್ತಾರೆ, ಬೈಯಲಿ.