ಸಾಯಬಣ್ಣನ ಐತವಾರಗಳು

ನನ್ನ ಮೈದುನ ಸಾಯಬಣ್ಣ ಐತವಾರ ಎಲ್ಲಿಗೆ ಹೋಗುತ್ತಾನೆ? ಈ ಒಂದು ಚಿಂತೆ ನಾಲ್ಕು ತಿಂಗಳು ನನ್ನ ತಲೆಯಲ್ಲಿ ಮನೆ ಮಾಡಿಕೊಂಡು ಕೂತಿತ್ತು. ಅಲ್ಲಿ ಮೊದಲೇ ಜಾಗ ಕಡಿಮೆ. ಕೂಸಿಗೆ ಹಾಲು ಸಾಲುತ್ತದೋ ಇಲ್ಲವೋ, ತೊಟ್ಟಿಲಿನ ಹಗ್ಗ ಸವೆದಿದೆಯೋ, ನಳದ ನೀರಿನಲ್ಲಿ ಹುಳ ಇವೆಯೋ, ಅರಿವೆ ಖರೀದಿಗೆ ಮುಂಬಯಿಗೆ ಹೋದ ಯಜಮಾನರು ಗಾಡಿ ತಪ್ಪಿಸಿಕೊಂಡರೋ ಎಂಬ ಚಿಂತೆಗಳೆಲ್ಲ ಹಳೆಯ ಬಾಡಿಗೆದಾರರ ಹಾಗೆ ತುಂಬಿಕೊಂಡಿದ್ದವು. ಸಾಯಬಣ್ಣನ ಚಿಂತೆಗೆ ಮಾತ್ರ ನಡುಮನೆಯನ್ನೇ ಬಿಟ್ಟುಕೊಟ್ಟಿದ್ದೆ.

ಸಾಯಬಣ್ಣ ಅಕ್ಕಲಕೋಟ ಸಂಸ್ಥಾನದ ಕುರನೂರಿನವನು, ಹತ್ತೊಂಬತ್ತು ವರ್ಷದವನು. ಮೂವತ್ತೇಳನೆಯ ಇಸವಿಯ ದೀಪಾವಳಿ ಮುಗಿದ ಮೇಲೆ ಸೊಲ್ಲಾಪುರಕ್ಕೆ ಬಂದು ಒಂದು ಮಿಲ್ಲಿನ ಕಚೇರಿಯಲ್ಲಿ ಉಮೇದವಾರನಾಗಿ ಸೇರಿದ. ಉಮೇದವಾರ ಎಂದರೆ ಆರು ತಿಂಗಳು ಪಗಾರವಿಲ್ಲದೆ ಕೆಲಸ ಕಲಿಯುವವನು. ದೌತಿಗೆ ಶಾಯಿ ತುಂಬಬೇಕು, ನಕಲು ಬರೆಯಬೇಕು, ಹಿರಿಯ ಕಾರಕೂನರು ಕೆಮ್ಮಿದರೆ ನೀರು ತರಬೇಕು. ಆರು ತಿಂಗಳಾದ ಮೇಲೆ ಅವರ ಮನಸ್ಸಿಗೆ ಬಂದರೆ ಕಾಯಂ, ಬಾರದಿದ್ದರೆ ಊರಿನ ದಾರಿ.

ನಮ್ಮ ಯಜಮಾನರು ಹೊಲ ಬಿಟ್ಟು ನವಿ ಪೇಠದಲ್ಲಿ ಅಂಗಡಿ ಹಾಕಿದಾಗಲೇ ಮಾವ ಭೀಮಣ್ಣನವರು ಒಬ್ಬ ಮಗ ಕೈಬಿಟ್ಟ ಎಂದಿದ್ದರು. ಎರಡನೆಯವನನ್ನು ಕಳಿಸುವಾಗ ಒಂದು ಕರಾರು ಹಾಕಿದರು. ಸಾಲಿ ಕಲಿತ ಸೊಸೆ ತಿಂಗಳಿಗೊಂದು ಪತ್ರ ಬರೆದು ಅವನ ನಡತೆ ತಿಳಿಸಬೇಕು.

ಸಾಲಿ ಕಲಿತ ಸೊಸೆ ಎಂದರೆ ನಾನು. ಸೊಲ್ಲಾಪುರದಲ್ಲೇ ಹುಟ್ಟಿ ಹೆಣ್ಣುಮಕ್ಕಳ ಸಾಲಿಯಲ್ಲಿ ಏಳನೆಯ ಇಯತ್ತೆ ಪಾಸಾದವಳು. ಶಾರದಾಗೆ ಇಡೀ ಶಹರ ಗೊತ್ತು ಎಂದು ಕುರನೂರಿನಲ್ಲಿ ನನಗೆ ಹೆಸರಿತ್ತು. ನಿಜವಾಗಿ ನನಗೆ ಗೊತ್ತಿದ್ದದ್ದು ಟಾಂಗಾದ ಪರದೆಯ ಸಂದಿಯಿಂದ ಕಂಡಷ್ಟು ಸೊಲ್ಲಾಪುರ. ತವರುಮನೆಯಿಂದ ಸಾಲಿ, ಸಾಲಿಯಿಂದ ತವರುಮನೆ, ಮದುವೆಯಾದ ಮೇಲೆ ನವಿ ಪೇಠ. ಆ ಹೆಸರನ್ನು ಕಳೆದುಕೊಳ್ಳಲು ಮನಸ್ಸಾಗದೆ ಸುಮ್ಮನಿದ್ದೆ.

ಸಾಯಬಣ್ಣ ಬಂದ ದಿನ ಹೊಸ ಬೂಟನ್ನು ಕೈಯಲ್ಲಿ ಹಿಡಿದು ಬರಿಗಾಲಲ್ಲಿ ನಡೆದು ಬಂದಿದ್ದ. "ಮಿಲ್ಲಿನ ಬಾಗಲದಾಗ ಹಾಕ್ಕೋತೀನ್ರಿ ವೈನಿ, ದಾರ್ಯಾಗ ಯಾಕ ಸವಸೂದು?" ಎಂದ. ವಾರಕ್ಕೊಂದು ರಜೆ, ಐತವಾರ. ಮೊದಲ ಐತವಾರ ಶಹರ ನೋಡಿಬಂದವನು ರಾತ್ರಿ ಊಟಕ್ಕೆ ಕೂತು ಹೊಲದ ಸುದ್ದಿ ಹೇಳಿದ ಹಾಗೆ ಹೇಳಿದ. ನವಿ ಪೇಠದ ರಸ್ತೆಯಲ್ಲಿ ಮೂರು ಚಕ್ಕಡಿ ಒಟ್ಟಿಗೆ ಹೋಗುತ್ತವೆ, ಕಿಲ್ಲೆಯ ಕಂದಕದಲ್ಲಿ ನಮ್ಮ ಊರಿನ ದನವೆಲ್ಲ ಮೇಯಬಹುದು. ನಾನು ಒಂದೊಂದಕ್ಕೂ ಒಂದೊಂದು ಭಯ ಹಚ್ಚಿದೆ. ಕಂದಕದಲ್ಲಿ ಹಾವು, ಕೆರೆಯ ಹತ್ತಿರ ಚಳಿಜ್ವರ, ರೈಲು ನಿಲ್ದಾಣದಲ್ಲಿ ಕಿಸೆಗಳ್ಳರು. ನಾಲ್ಕು ಐತವಾರ ಕೇಳಿಸಿಕೊಂಡ. ಐದನೆಯದಕ್ಕೆ "ಹಿಂಗ ಹೋಗಿದ್ದೆ" ಎಂದಷ್ಟೇ ಹೇಳಿ ಕೈ ತೊಳೆದ. ಅಂದಿನಿಂದ "ಹಿಂಗ" ಎಂಬ ಊರಿಗೇ ಅವನ ಪ್ರಯಾಣ.

ಇಷ್ಟರಲ್ಲಿ ನಾನು ಇನ್ನೊಂದು ಶಾಣ್ಯಾತನ ಮಾಡಿಕೊಂಡಿದ್ದೆ. ಕೂಸಿಗೆ ನಾಲ್ಕು ತಾಸಿಗೊಮ್ಮೆ ಮಾತ್ರ ಹಾಲು ಕುಡಿಸಬೇಕೆಂದು ಒಂದು ಇಂಗ್ರೇಜಿ ಪುಸ್ತಕದಲ್ಲಿ ಬರೆದಿದೆಯಂತೆ, ಸಾಲಿಯ ಗೆಳತಿ ಹೇಳಿದ್ದಳು. ನಮ್ಮ ಗೋಡೆಯ ಗಡಿಯಾರಕ್ಕೆ ಮನಸ್ಸು ಬಂದಾಗ ನಿಲ್ಲುವ ರೂಢಿ. ಹಾಗಾಗಿ ಮಿಲ್ಲಿನ ಭೋಂಗಾ, ಆ ಉಗಿಯ ಸೀಟಿ, ಕೂಗಿದ ಲೆಕ್ಕದಲ್ಲಿ ಕುಡಿಸುತ್ತಿದ್ದೆ. ಬಾಜೂ ಮನೆಯ ಸುಗಲಾಬಾಯಿ ಕಾಕು ಎಂಟು ಮಕ್ಕಳ ತಾಯಿ. ಒಂದು ದಿನ ತಡೆಯಲಾರದೆ ಬಾಗಿಲಿಗೆ ಬಂದು ನಿಂತರು.

"ಕೂಸಿಗೆ ಅಳು ಬಂದಾಗ ಕುಡಸವಾ ಶಾರದಾ, ಮಿಲ್ಲಿಗೆ ಅಳು ಬಂದಾಗ ಅಲ್ಲ."

"ಶಾಸ್ತ್ರ ಅದ ಕಾಕು ಇದು."

"ಹೌದೌದು. ಐತವಾರ ಭೋಂಗಾಕ್ಕ ಸೂಟಿ. ಅವತ್ತ ಕೂಸಿಗೂ ಸೂಟಿ ಕೊಟ್ಟೀ ಮತ್ತ!"

ಈ ಹಾಲಿನ ಲೆಕ್ಕವನ್ನೂ ನಾನು ಪತ್ರದಲ್ಲಿ ಹೆಮ್ಮೆಯಿಂದ ಬರೆದಿದ್ದೆ. ಮಾವನವರಿಗೆ ಓದಲು ಬಾರದು. ಪತ್ರವನ್ನು ಕುಲಕರ್ಣಿಯವರು ಊರ ಚಾವಡಿಯಲ್ಲಿ ಗಟ್ಟಿಯಾಗಿ ಓದುತ್ತಾರೆ, ಕೂತವರೆಲ್ಲ ಕೇಳುತ್ತಾರೆ. ಹೀಗೆ ನನ್ನ ಕೂಸು ಎಷ್ಟು ಹೊತ್ತಿಗೆ ಹಾಲು ಕುಡಿಯುತ್ತದೆ ಎಂಬುದು ಕುರನೂರಿನ ಗಂಡಸರಿಗೆಲ್ಲ ಗೊತ್ತಿತ್ತು.

ಚೈತ್ರದ ಪತ್ರದಲ್ಲಿ ನನ್ನ ನಡುಮನೆಯ ಚಿಂತೆ ಹೊರಗೆ ಬಂತು. ಸುಳ್ಳು ಒಂದೂ ಬರೆಯಲಿಲ್ಲ. ಸಾಯಬಣ್ಣ ಐತವಾರ ಹೋದವನು ಕತ್ತಲಾದ ಮೇಲೆ ಬರುತ್ತಾನೆ. ಅಂಗಿಗೆ ಕೆಂಪು ಬಣ್ಣ ಹತ್ತಿರುತ್ತದೆ. ಮೈಗೆ ಏನೋ ವಾಸನೆ. ಬಾಯಲ್ಲಿ ಲಾವಣಿ. ಈ ನಾಲ್ಕು ಮಾತನ್ನು ಒಂದರ ಪಕ್ಕ ಒಂದು ಇಟ್ಟೆ, ಅಷ್ಟೆ. ಹೆಂಗಸರು ಕುಣಿದು ಲಾವಣಿ ಹಾಡುವ ತಮಾಷಾದ ಥೇಟರಿನ ಹೆಸರನ್ನು ನಾನು ತೆಗೆಯಲಿಲ್ಲ, ಚಾವಡಿಯವರು ತೆಗೆದರು.

ಶನಿವಾರ ಮಾವನವರ ಉತ್ತರ ಬಂತು. "ಐತವಾರ ಅಕ್ಕಲಕೋಟಕ್ಕೆ ಬಂದು ಅಲ್ಲಿಂದ ಹನ್ನೆರಡರ ಮೋಟಾರಿಗೆ ಬರುತ್ತೇವೆ. ಸಾಯಬಣ್ಣನ ಟ್ರಂಕು ಕಟ್ಟಿ ಇಡುವುದು. ಕಲಿತದ್ದು ಸಾಕು." ಅವನ ಉಮೇದವಾರಿ ಮುಗಿಯಲು ಇನ್ನು ಮೂರೇ ವಾರ ಇದ್ದವು. ಹಿರಿಯ ಕಾರಕೂನರು ಕಾಯಂ ಮಾಡುತ್ತೇವೆಂದು ಬಾಯಿಬಿಟ್ಟು ಹೇಳಿದ್ದರು. ಈಗ ಎದ್ದುಹೋದರೆ ಆರು ತಿಂಗಳ ಕೆಲಸ ನೀರಿಗೆ. ಇದನ್ನು ಅವನ ಮುಂದೆ ಹೇಳಲು ಧೈರ್ಯ ಬಾರದೆ ರಾತ್ರಿ ಕಳೆದೆ. ಬೆಳಿಗ್ಗೆ ಹೇಳೋಣವೆಂದು ಏಳುವಷ್ಟರಲ್ಲಿ ಅವನು ಬೂಟು ಬಿಟ್ಟು "ಹಿಂಗ" ಹೋಗಿಯಾಗಿತ್ತು.

ಯಜಮಾನರು ಮುಂಬಯಿಯಲ್ಲಿ. ಮಾವನವರು ಬರುವುದರೊಳಗೆ ನಾನೇ ಅವನನ್ನು ಹಿಡಿದು ತರಬೇಕು. ಕೂಸನ್ನು ಎತ್ತಿಕೊಂಡು ಮೂಲೆಯಲ್ಲಿ ನಿಂತಿದ್ದ ಟಾಂಗಾ ಕರೆದೆ. ಟಾಂಗಾದವನು ನಿಂಗಣ್ಣ, ನರೆತ ಮೀಸೆಯವನು.

"ಎಲ್ಲಿಗ್ರಿ ಬಾಯಾರ?"

ಕೆಟ್ಟ ಜಾಗಕ್ಕೆ ಎನ್ನಬೇಕು, ಕೆಟ್ಟ ಜಾಗದ ಹೆಸರೇ ಗೊತ್ತಿಲ್ಲ. "ಹರೇದ ಹುಡುಗೂರು ಐತವಾರ ಎಲ್ಲಿ ಹೋಗ್ತಾರೋ ಅಲ್ಲಿಗೆ," ಎಂದೆ.

ನಿಂಗಣ್ಣ ತಿರುಗಿ ನನ್ನನ್ನು ನೋಡಿದ, ಕೂಸನ್ನು ನೋಡಿದ. "ಕೂಸನ್ನೂ ಕರಕೊಂಡೇನ್ರಿ?"

"ನನ್ನ ಮೈದುನನ್ನ ಹುಡುಕಬೇಕಾಗೇದ. ಸಾಯಬಣ್ಣ ಅಂತ. ಕುರನೂರಿನವ."

"ಬರಿಗಾಲ ಕಾರಕೂನ!" ಅವನ ಮುಖವೆಲ್ಲ ನಗೆಯಾಯಿತು. "ಹಂಗಾರ ನನ್ನ ಕೇಳಬ್ಯಾಡ್ರಿ, ಬಿಜಲೀನ ಕೇಳ್ರಿ. ನಾ ಲಗಾಮ ಸಡ್ಲ ಬಿಡ್ತೀನಿ." ಬಿಜಲಿ ಅವನ ಕುದುರೆ. ಪ್ರತಿ ಐತವಾರ ಮಧ್ಯಾಹ್ನ ಸಾಯಬಣ್ಣ ಅದರ ಮೈ ತಿಕ್ಕಿ ತೊಳೆಯುತ್ತಾನಂತೆ, ಅದಕ್ಕೆ ಬದಲಾಗಿ ಮುಂದಿನ ಹಲಗೆಯ ಮೇಲೆ ಕೂತು ಇಡೀ ಶಹರ ಸುತ್ತುತ್ತಾನಂತೆ. ನನ್ನ ನಾಲ್ಕು ಮಾತಿನಲ್ಲಿ ಎರಡು, ಕತ್ತಲಾಗುವುದೂ ಆ ವಾಸನೆಯೂ, ಮನೆಯ ಮೂಲೆ ತಿರುಗುವ ಮೊದಲೇ ಕುದುರೆಯವಾದವು.

ಬಿಜಲಿ ತಾನಾಗಿ ನಡೆಯಿತು, ತಾನಾಗಿ ನಿಂತಿತು. ಮೊದಲು ರೈಲಿನ ಬೇಲಿಯ ಹತ್ತಿರ.

"ಇಲ್ಲಿ ಗಾಡೀ ಡಬ್ಬಿ ಎಣಸ್ತಾನ್ರಿ. ಅಕ್ಕಲಕೋಟ ರೋಡಿನ ಕಡೆ ಹೋಗೂ ಗಾಡಿ ಬಂತಂದ್ರ ಎಣಸೂದ ಬಿಟ್ಟ ಸುಮ್ಮನ ನೋಡ್ತಾನ."

ಆಮೇಲೆ ಕಿಲ್ಲೆಯ ಗೋಡೆಯ ನೆರಳಿನಲ್ಲಿ. ಆಮೇಲೆ ಒಂದು ದೊಡ್ಡ ನೀರಿನ ಕೊಳವೆಯ ಹತ್ತಿರ. "ನಮ್ಮ ವೈನಿ ಈ ನೀರಾಗ ಹುಳ ಅದಾವ ಅಂತ ಚಿಂತಿ ಮಾಡ್ತಾರ, ಎಲ್ಲಿಂದ ಬರ್ತದ ನೋಡಬೇಕು ಅಂತಾನ್ರಿ. ಕೊಳವಿ ಹಿಡದು ಹೊಂಟ್ರ ಏಕರುಖ ಕೆರಿ ಮುಟ್ಟತದ. ಅರ್ಧಾ ದಾರಿ ಆಗೇದ, ಇನ್ನರ್ಧ ಉಳದದ." ಪರದೆಯ ಸಂದಿಯಿಂದ ಆ ಕೊಳವೆಯನ್ನು ನೋಡಿದೆ. ಕೂಸು ಅಳಲು ಸುರುಮಾಡಿತ್ತು. ಇನ್ನೂ ಹೊತ್ತಾಗಿಲ್ಲ ಎಂದು ಬೆನ್ನು ತಟ್ಟಿದೆ.

ನಾಲ್ಕನೆಯ ಸಲ ಕುದುರೆ ನಿಂತಾಗ ಪರದೆ ಸರಿಸಿದೆ. ಎದುರಿಗೆ ತಮಾಷಾದ ಥೇಟರು! ಗೋಡೆಯ ಮೇಲೆ ಸೊಂಟದ ಮೇಲೆ ಕೈ ಇಟ್ಟ ಹೆಂಗಸಿನ ಚಿತ್ರ, ಒಳಗಿಂದ ಢೋಲಕಿಯ ತಾಲೀಮು. ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ನನಗೆ ದುಃಖವಾಗಲಿಲ್ಲ, ಖುಷಿಯಾಯಿತು. ನಾನು ಬರೆದದ್ದು ಖರೆ ಆಯಿತಲ್ಲ!

"ನೋಡಿದ್ಯಾ ನಿಂಗಣ್ಣ! ಒಳಗ ಹೋಗ್ತಾನಲ್ಲ?"

"ಯಾರ್ರಿ? ಬಿಜಲಿ ನೀರ ಕುಡೀಲಿಕ್ಕ ನಿಂತದ." ಥೇಟರಿನ ಮುಂದೆಯೇ ದನಕ್ಕೆ ನೀರು ಕುಡಿಸುವ ಕಲ್ಲಿನ ದೋಣಿ ಇತ್ತು. "ಅವ ಕೊಡ ಹಿಡದು ನೀರ ಸೇದತಾನ. ಒಳಗಿನ ಲಾವಣಿ ಪುಕ್ಕಟ ಕಿವೀಗಿ ಬೀಳ್ತದ. ಅದಕ್ಕ ತಿಕೀಟ ಯಾಕ ಬೇಕು?"

ಮೂರನೆಯ ಮಾತೂ ಹೋಯಿತು. ಉಳಿದದ್ದು ಕೆಂಪು ಬಣ್ಣ. ಬಿಜಲಿ ವಿಜಾಪುರ ರಸ್ತೆಗೆ ಹೊರಳಿ, ಮನೆಗಳು ಮುಗಿಯುವಲ್ಲಿ ಬೇವಿನ ಮರದ ಕೆಳಗೆ ನಿಂತು ಕೆನೆಯಿತು. ದನದ ಸಂತೆ. ಮಾರಾಟಕ್ಕೆ ಬಂದ ಎತ್ತುಗಳು, ನೊಗ ಇಳಿಸಿದ ಚಕ್ಕಡಿಗಳು. ಅವುಗಳ ನಡುವೆ ನಮ್ಮ ಸಾಯಬಣ್ಣ ಒಂದು ಎತ್ತಿನ ಕೋಡಿಗೆ ಕೆಂಪು ಬಣ್ಣ ಬಳಿಯುತ್ತಿದ್ದ. ನಾಲಿಗೆಯನ್ನು ತುಟಿಯ ಮೂಲೆಗೆ ಸಿಕ್ಕಿಸಿಕೊಂಡು ಎಷ್ಟು ಲಕ್ಷ್ಯ ಕೊಟ್ಟಿದ್ದನೆಂದರೆ ಮಿಲ್ಲಿನ ನಕಲಿಗೂ ಅಷ್ಟು ಕೊಟ್ಟಿರಲಾರ.

ನನ್ನನ್ನು ಕಂಡು ಕೈಯನ್ನು ಬೆನ್ನ ಹಿಂದೆ ಮರೆಮಾಡಿದ. "ವೈನಿ? ಕೂಸಿಗೆ ಏನಾತ್ರಿ?"

"ಕೂಸಿಗೆ ಏನಾಗಿಲ್ಲ. ನನಗ ಯಾಕ ಹೇಳಲಿಲ್ಲೋ ಇದನ್ನೆಲ್ಲಾ?"

"ಹೇಳಿದ್ರ ನೀವು ಎತ್ತು ಹಾಯ್ತದ ಅಂತಿದ್ರಿ. ಮತ್ತ, ಸಾಲಿ ಕಲತವರು, ಸಗಣಿ ವಾಸನಿ ಅಂತ ಮೂಗ ಮುಚ್ಚತೀರಿ ಅಂದ್ಕೊಂಡೆ." ಬ್ರಶ್ಶನ್ನು ಡಬ್ಬಿಯಲ್ಲಿಟ್ಟ. "ಆರ ದಿನ ಶಾಯಿ ಕೈಯಾಗ ಇರ್ತೀನ್ರಿ. ಒಂದ ದಿನ ಎತ್ತಿನ ಮೈ ಮುಟ್ಟಿದ್ರ ಮತ್ತ ಆರ ದಿನ ನಡೀತದ. ಹಂಗ ಮಾಡೇ ಐದು ತಿಂಗಳ ನಿಂತೀನಿ."

ಅಲ್ಲೇ ನಿಂತು ಪತ್ರದ ವಿಷಯ ಹೇಳಿದೆ. ಅವನು ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಬಣ್ಣದ ಡಬ್ಬಿಗೆ ಮುಚ್ಚಳ ಹಾಕಿ, "ಅಪ್ಪ ಬಂದು ಕರದ್ರ ನಾ ಒಲ್ಲೆ ಅನ್ನಾಕ ಬರೂದಿಲ್ರಿ ವೈನಿ," ಎಂದಷ್ಟೇ ಅಂದ.

ನಿಂಗಣ್ಣ ಸೂರ್ಯನನ್ನು ನೋಡಿದ. "ಹನ್ನೊಂದ ಹೊಡದಿರಬೇಕ್ರಿ. ಮೋಟಾರ ಹನ್ನೆರಡಕ್ಕ ಅಂದ್ರಲ್ಲ? ನವಿ ಪೇಠದ ಕಾಮಣ್ಣ ಸಾವಕಾರ ಅಂಗಡ್ಯಾಗ ಫೋನ ಅದ."

ಫೋನಿನ ಮಾತು ಕೇಳಿ ಕೂಸನ್ನು ಎದೆಗೆ ಅವಚಿಕೊಂಡೆ. ಅದನ್ನು ನಾನು ಮುಟ್ಟಿದವಳಲ್ಲ, ಆದರೆ ಭಯ ಅದರದಲ್ಲ. ನಮ್ಮ ಮನೆಯಲ್ಲಿ ಸೊಸೆ ಮಾವನ ಜೊತೆ ನೇರ ಮಾತಾಡುವುದಿಲ್ಲ. ಮದುವೆಯಾಗಿ ಮೂರು ವರ್ಷ, ನಾನು ಅವರಿಗೆ ಒಂದು ಮಾತೂ ಆಡಿರಲಿಲ್ಲ. ಕೂಸು ಹುಟ್ಟಿದ ಮೇಲೆ ಅದನ್ನು ಮುಂದೆ ಹಿಡಿದು, "ಅಕ್ಕೂ, ಅಜ್ಜಗ ಊಟಕ್ಕ ಏಳ್ರಿ ಅನ್ನು" ಎಂದು ಬಾಗಿಲ ಮರೆಯಿಂದ ಹೇಳುತ್ತಿದ್ದೆ. ಕಾಗದದ ಮೇಲೆ ಅಷ್ಟುದ್ದ ಬರೆಯುವವಳಿಗೆ ಬಾಯಿ ಇರಲಿಲ್ಲ.

ಕಾಮಣ್ಣ ಸಾವಕಾರರು ಅಕ್ಕಲಕೋಟದ ಶಾಂತಲಿಂಗಪ್ಪನವರ ಅಡತಿ ಅಂಗಡಿಗೆ ಫೋನು ಹಚ್ಚಿದರು. ಮಾವನವರು ಮೋಟಾರು ಕಾಯುತ್ತ ಕೂಡುವುದು ಅಲ್ಲಿಯೇ. ಸಾವಕಾರರು ಕೂಗುತ್ತಿದ್ದ ದನಿಗೆ ತಂತಿಯೇ ಬೇಕಿರಲಿಲ್ಲ. "ಭೀಮಣ್ಣಾರ್ರೀ? ನಿಮ್ಮ ಸೊಸಿ ಹೇಳಾಕತ್ತಾರ, ತಪ್ಪಾಗೇದಂತ!" ಎಂದು ಕೂಗಿ, ಉತ್ತರ ಕೇಳಿ, ಫೋನನ್ನು ನನ್ನತ್ತ ಚಾಚಿದರು. "ಬರದಾಕಿನ ಹೇಳಲಿ ಅಂತಾರ್ರಿ."

ಬಾಗಿಲಲ್ಲಿ ಸಾಯಬಣ್ಣ ಕೆಂಪು ಕೈಗಳನ್ನು ಕಟ್ಟಿಕೊಂಡು ನಿಂತಿದ್ದ. ನಾನು ತಲೆಯ ಮೇಲೆ ಸೆರಗು ಎಳೆದುಕೊಂಡೆ. ಅಕ್ಕಲಕೋಟದಿಂದ ಕಾಣುವ ಹಾಗೆ! ಕೂಸನ್ನು ಫೋನಿನ ಮುಂದೆ ಹಿಡಿದೆ.

"ಅಕ್ಕೂ, ಅಜ್ಜಗ ಹೇಳವಾ, ಪತ್ರಾ ಬರದದ್ದು ಸುಳ್ಳ ಅಂತ."

"ಚಾವಡ್ಯಾಗ ಓದಿದ್ದು ಕೂಸಿನ ಪತ್ರಾ ಅಲ್ಲ," ಎಂದಿತು ಮಾವನವರ ದನಿ, ಕಿವಿಯ ಒಳಗೇ.

"ಮಾವಾರೀ," ಎಂದೆ. ಮೂರು ವರ್ಷದ ಮೊದಲನೆಯ ಮಾತು ಬಾಯಿಂದ ಹೊರಬಿತ್ತು. "ಬರಬ್ಯಾಡ್ರಿ!"

ಆಮೇಲೆ ನಿಲ್ಲಲಿಲ್ಲ. ಟಾಂಗಾ ಹತ್ತಿ ಆಡಿದ ಮಾತು, ಕುದುರೆ, ಕೊಳವೆ, ಕಲ್ಲಿನ ದೋಣಿ, ಎತ್ತಿನ ಕೋಡು ಎಲ್ಲ ಹೇಳಿದೆ. ಇನ್ನು ಮೂರೇ ವಾರ ಅಂದೆ. ಅವ ಎಲ್ಲಿ ಹೋಗ್ತಾನ ಅಂತ ನನಗ ಗೊತ್ತಿರಲಿಲ್ಲ, ಗೊತ್ತಿಲ್ಲ ಅಂತ ಬರಿಯಾಕ ನಾಚಿಕಿ ಬಂತು ಅಂದೆ.

"ಯಾವ ಬಣ್ಣಾ?" ಎಂದರು ಮಾವನವರು.

"ಕೆಂಪು ರೀ."

"ಸಣ್ಣಾಂವ ಇದ್ದಾಗ ಮನಿ ಬಾಗಲಕ್ಕೂ ಅದನ್ನ ಬಡದಿದ್ದ." ಕೆಮ್ಮಿದರು. "ಮೋಟಾರ ಬಂದು ನಿಂತದ. ಬುತ್ತಿ ಕಟಗೊಂಡೀನಿ. ಬರೂದು ಬರ್ತೀನಿ."

ಕೂಸು ಒಂದೇ ಸಮನೆ ಚೀರುತ್ತಿತ್ತು.

"ಟ್ರಂಕು ಬಿಚ್ಚಸು. ಆ ಕುದರಿ ಎಲ್ಲೆಲ್ಲಿ ನಿಂದರತದೋ ಅಲ್ಲೆಲ್ಲಾ ನಾನೂ ನಿಂದರಬೇಕು, ಟಾಂಗಾದವಗ ಹೇಳಿಡು. ಮತ್ತ ಚಾವಡಿಗೆ ಇನ್ನೊಂದು ಪತ್ರಾ ಬರಿ. ಟಾಂಗಾ ಹತ್ತಿ ಎಲ್ಲಿಗೆ ನಡಿ ಅಂದಿ ಅನ್ನೂದನ್ನೂ ಬರಿ."

"ಹೂಂ ರೀ."

"ಈಗ ಫೋನ ಇಟ್ಟು ಮೊದಲ ಕೂಸಿಗೆ ಹಾಲ ಕುಡಸು. ಭೋಂಗಾ ನಾನ ಊದೀನಿ ಅಂತ ತಿಳಿ."