ಹಸಿರು ಬಿದ್ದರೂ ಕದಲದ ಸ್ಕೂಟರ್

ಸಿಗ್ನಲ್ ಹಸಿರಾಯಿತು. ಹಿಂದಿದ್ದವರೆಲ್ಲ ಹಾರ್ನ್ ಹೊಡೆಯುತ್ತಿದ್ದರೂ ನಮ್ಮ ಸ್ಕೂಟರ್ ಮಾತ್ರ ಕದಲಲಿಲ್ಲ. ನಾಗಪುರದಲ್ಲಿ ಬೇಸಿಗೆ ಬಂತೆಂದರೆ ದೊಡ್ಡ ಸಿಗ್ನಲ್‌ಗಳಲ್ಲಿ ರಸ್ತೆಯ ಮೇಲೆ ಹಸಿರು ಬಲೆ ಕಟ್ಟಿ ನೆರಳು ಮಾಡುತ್ತಾರೆ. ಆ ನೆರಳಲ್ಲಿ ಎರಡೂ ಕಾಲು ನೆಲಕ್ಕೂರಿ, ನನ್ನ ಯಜಮಾನರು ಕೂತಲ್ಲೇ ನಿದ್ದೆ ಹೋಗಿದ್ದರು.

ಹಿಂದೆ ಕೂತಿದ್ದ ನಾನು ಭುಜ ಹಿಡಿದು ಅಲುಗಾಡಿಸಿ, "ರೀ, ಏನಾತ್ರೀ?" ಅಂದೆ.

"ಏನಿಲ್ಲ, ನೆರಳು ಚಲೋ ಇತ್ತು" ಅಂದರು. ನಾಲಿಗೆ ತೊದಲುತ್ತಿತ್ತು.

ಇಳಿದು ಸ್ಕೂಟರನ್ನು ಬದಿಗೆ ತಳ್ಳಿದೆವು. ಬೆಳಿಗ್ಗೆ ಅವರು ಮನೆಯ ಕೂಲರಿನಲ್ಲಿ ನೀರು ಹೀರಿ ಗಾಳಿ ತಂಪು ಮಾಡುವ ಹಳೇ ಹುಲ್ಲು ಕಿತ್ತು ಹೊಸದು ಹಾಕಿದ್ದರು. ಪ್ರತಿ ವರ್ಷ ಇದೇ ಪಾಡು. ಧೂಳಿಗೆ ಸೀನು ಹತ್ತಿತು, ಅಲರ್ಜಿ ಮಾತ್ರೆ ನುಂಗಿದರು. ಸೀನು ನಿಲ್ಲಲಿಲ್ಲವೆಂದು ಹೊರಡುವ ಮುಂಚೆ ನೆಗಡಿ ಮಾತ್ರೆಯನ್ನೂ ನುಂಗಿದರು. ಡಾಕ್ಟರ ಚೀಟಿ ಇಲ್ಲದೆ ಅಂಗಡಿಯಲ್ಲಿ ಸಿಗುವ ಮಾತ್ರೆ ಏನು ಮಾಡೀತು ಅಂದುಕೊಂಡಿದ್ದೆವು. ನನ್ನ ಚೀಲದಲ್ಲಿದ್ದ ಎರಡೂ ಮಾತ್ರೆ ಪಟ್ಟಿಗಳ ಮೇಲೆ ಬರೆದದ್ದನ್ನು ಅಲ್ಲೇ ನಿಂತು ಓದಿದೆ. ಹೆಸರು ಬೇರೆ ಬೇರೆ, ಒಳಗಿದ್ದ ನಿದ್ದೆ ಬರಿಸುವ ಔಷಧ ಒಂದೇ.

ಈಗ ಎರಡು ಮಾತ್ರೆ ಒಟ್ಟಿಗೆ ಇಲ್ಲ, ಮಾತ್ರೆ ನುಂಗಿದ ದಿನ ಸ್ಕೂಟರೂ ಇಲ್ಲ. ಆದರೂ ಆ ಸಿಗ್ನಲ್ಲಿಗೆ ಬಂದರೆ ನಾನು ಹಿಂದಿನಿಂದ ಏನಾದರೂ ವಟಗುಟ್ಟುತ್ತಲೇ ಇರುತ್ತೇನೆ. ನನಗೇ ಸಾಕಾಗಿ ಹೋಗಿದೆ. "ಎಷ್ಟ ಮಾತಾಡ್ತಿ ನೀ!" ಅಂತ ಬೈತಾರೆ. ಬೈಯಲಿ. ಎಚ್ಚರ ಇದ್ದಾರಲ್ಲ.