ಚಿನ್ನ ಮಾರುವವನಿಗೆ ಊಟದ ಪ್ರಶ್ನೆ

ಇವತ್ತು ಮಧ್ಯಾಹ್ನ ಪುಣೆಯ ಶಿವಾಜಿನಗರದ ಆಫೀಸಿನಲ್ಲಿ ಡಬ್ಬಿ ಬಿಚ್ಚುವಷ್ಟರಲ್ಲೇ, ಗೆಳೆಯರೇ, ನಮ್ಮ ಆನ್‌ಲೈನ್ ಆಟದ ಚಾಟ್‌ನಲ್ಲಿ ಒಬ್ಬ, ಆಟದೊಳಗೆ ನಾಣ್ಯದಂತೆ ನಡೆಯುವ ಚಿನ್ನವನ್ನು ನಿಜವಾದ ದುಡ್ಡಿಗೆ ಅಗ್ಗವಾಗಿ ಕೊಡುತ್ತೇನೆಂದು ಜಾಹೀರಾತು ಸುರಿಯತೊಡಗಿದ. ನಮ್ಮದು ಪುಣೆ ಕನ್ನಡಿಗರ ತಂಡ. ಚಾಟ್‌ನ ಕಾವಲು ನನ್ನದು. ಇಂಥ ಚಿನ್ನ ಕೊಂಡ ಗೆಳತಿಯೊಬ್ಬಳ ಖಾತೆಯನ್ನೇ, ನಿಯಮ ಮುರಿದಳೆಂದು, ಆಟದ ಕಂಪನಿಯವರು ಮುಚ್ಚಿದ ಮೇಲೆ ನಾನು ಯಾರನ್ನೂ ಬಿಡುವುದಿಲ್ಲ. ಜಾಹೀರಾತು ಹಾಕುತ್ತಿರುವುದು ಯಂತ್ರವೋ ಮನುಷ್ಯನೋ ತಿಳಿಯಲು ಮೊದಲು ಒಂದು ಪ್ರಶ್ನೆ ಕೇಳುತ್ತೇನೆ.

"ಊಟ ಆತೇನ್ರಿ?"

ಯಂತ್ರಗಳು ಮತ್ತೆ ಜಾಹೀರಾತನ್ನೇ ಅಂಟಿಸುತ್ತವೆ. ಇವನು ಬರೆದ: "ಇನ್ನೂ ಇಲ್ರಿ. ನಿಮ್ದು?"

ಬ್ಲಾಕ್ ಒತ್ತಲು ಹೋದ ಬೆರಳು ನಿಂತಿತು. "ನಂದು ನಡದದ. ಮೊದ್ಲ ಉಣ್ಣಹೋಗ್ರಿ," ಎಂದೆ.

"ಭಾಳ ಕೆಲಸ ಅದರಿ. ನೀವು ಚಿನ್ನ ತಗೊಂಡ್ರ ಹೋಗ್ತೀನಿ."

ಬ್ಲಾಕ್ ಮಾಡಿದೆ. ಈಗ ಅವನಿಗೆ ಉಣ್ಣಲು ಪುರುಸೊತ್ತು ಸಿಕ್ಕಿರಬೇಕು.